‘ನಮಗೂ ಅಂಥವನೊಬ್ಬ ಬರ್ಬೇಕು ಸಾರ್’: ಸರ್ವಾಧಿಕಾರದ ಉದಯವನ್ನು ಬೋಧಿಸುವ ಬಗೆ

ಬೋಧನಾಭ್ಯಾಸದ ವಾರಗಳಲ್ಲಿ ನನ್ನ ದಿನಚರಿ ಬಸ್ಸಿನ ವೇಳಾಪಟ್ಟಿಯನ್ನು ಅನುಸರಿಸಿ ನಡೆಯುತ್ತದೆ. ಒಂದು ದಿನ ಕೂಡ್ಲಿಗಿ, ಮರುದಿನ ಕೊಟ್ಟೂರು, ಆಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಪ್ರಶಿಕ್ಷಣಾರ್ಥಿಗಳು ಈ ಐದು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಹಂಚಿಹೋಗಿರುತ್ತಾರೆ. ಸಮಾಜ ವಿಜ್ಞಾನದ ಪಾಠವೀಕ್ಷಣೆ ನನ್ನ ಪಾಲಿಗೆ ಬರುತ್ತದೆ.

ಕಳೆದ ಸಾಲಿನಲ್ಲಿ ಕೂಡ್ಲಿಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಇತಿಹಾಸ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಘಟಕ ‘ಇಪ್ಪತ್ತನೆಯ ಶತಮಾನದ ರಾಜಕೀಯ ಆಯಾಮಗಳು’. ಅದರಲ್ಲಿ ಎರಡು ಮಹಾಯುದ್ಧಗಳ ನಡುವೆ ಇಟಲಿ ಮತ್ತು ಜರ್ಮನಿಗಳಲ್ಲಿ ಸರ್ವಾಧಿಕಾರ ಹುಟ್ಟಿದ ಭಾಗ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧನಾಗಿ ಬಂದಿದ್ದ. ಯೂರೋಪಿನ ನಕ್ಷೆ ಇತ್ತು, ಹಿಟ್ಲರ್ ಮತ್ತು ಮುಸೊಲಿನಿಯ ದೊಡ್ಡ ಚಿತ್ರಪಟಗಳಿದ್ದವು, ಕಪ್ಪುಹಲಗೆಯ ಬರಹ ಮುತ್ತು ಪೋಣಿಸಿದಂತಿತ್ತು. ವರ್ಸೇಲ್ಸ್ ಒಪ್ಪಂದದ ಅವಮಾನ, ಹಣದುಬ್ಬರ, ನಿರುದ್ಯೋಗ, ಹಿಟ್ಲರನ ಭಾಷಣ ಕಲೆ, ರಸ್ತೆ, ಕಾರ್ಖಾನೆ, ಸೈನ್ಯ, ಕೊನೆಗೆ ಯುದ್ಧ ಮತ್ತು ಸೋಲು. ಅವಧಿಯೊಳಗೆ ಎಲ್ಲವೂ ಮುಗಿಯಿತು.

ಪುನರವಲೋಕನದ ಪ್ರಶ್ನೆಗಳಿಗೆ ಮಕ್ಕಳು ಥಟ್ಟನೆ ಉತ್ತರಿಸಿದರು. ಕೊನೆಯ ಪ್ರಶ್ನೆ: ‘ಇದರಿಂದ ನಾವೇನು ಕಲಿತೆವು?’ ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ನಮಗೂ ಅಂಥವನೊಬ್ಬ ಬರ್ಬೇಕು ಸಾರ್. ಆಗ ಎಲ್ರೂ ನೆಟ್ಟಗಾಗ್ತಾರ’ ಎಂದ. ತರಗತಿ ನಕ್ಕಿತು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಪ್ರಶಿಕ್ಷಣಾರ್ಥಿ ‘ಗುಡ್, ಕೂತ್ಕೋ’ ಎಂದ. ಗಂಟೆ ಹೊಡೆಯಿತು.

ಅಷ್ಟು ಹೊತ್ತಿಗೆ ನಾನು ವೀಕ್ಷಣಾ ನಮೂನೆಯ ಎಲ್ಲ ಕಲಂಗಳಲ್ಲೂ ‘ಉತ್ತಮ’ ಎಂದು ಗುರುತು ಹಾಕಿಯಾಗಿತ್ತು. ಕೊಟ್ಟೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಆ ಹುಡುಗನ ಮಾತು ಮತ್ತೆ ಮತ್ತೆ ನೆನಪಾಯಿತು. ಅವನು ಪಾಠವನ್ನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ನಾವು ಹೇಳಿದ್ದನ್ನು ಸರಿಯಾಗಿಯೇ ಕೇಳಿ, ಅದರಿಂದ ಸಹಜವಾಗಿ ಹೊರಡುವ ತೀರ್ಮಾನಕ್ಕೇ ಬಂದಿದ್ದ. ಆ ಪಾಠ ಯೋಜನೆಗೆ ಒಪ್ಪಿಗೆಯ ಸಹಿ ಹಾಕಿದವನು ನಾನು. ಆ ತಪ್ಪನ್ನು ನಾವಿಬ್ಬರೂ ಹೇಗೆ ತಿದ್ದಿಕೊಂಡೆವು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಯೋಜನೆಯಲ್ಲಿದ್ದ ದೋಷ

ಮರುದಿನ ಯೋಜನೆಯನ್ನು ಮುಂದಿಟ್ಟುಕೊಂಡು ಇಬ್ಬರೂ ಕುಳಿತೆವು. ಅದರ ಕಥೆಯ ಹಂದರ ಹೀಗಿತ್ತು: ಜನ ಕಷ್ಟದಲ್ಲಿದ್ದರು, ಒಬ್ಬ ಧೀರ ಬಂದ, ದೇಶವನ್ನು ಮೇಲೆತ್ತಿದ, ದುರಾಸೆಯಿಂದ ಯುದ್ಧ ಮಾಡಿ ಸೋತ. ಇದು ನಮ್ಮ ಮಕ್ಕಳು ನೋಡಿ ಬೆಳೆದ ಸಿನಿಮಾಗಳ ಹಂದರವೇ. ಇಂಥ ಕಥೆಯಲ್ಲಿ ಮಗು ನಾಯಕನ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಕೊನೆಯ ಸೋಲು ಅದಕ್ಕೆ ಒಂದು ಅಪಘಾತದಂತೆ ಕಾಣುತ್ತದೆ.

ಮೂರು ಕೊರತೆಗಳು ಕಂಡವು. ಒಂದು, ಇಡೀ ಪಾಠ ಒಬ್ಬ ವ್ಯಕ್ತಿಯ ಸುತ್ತ ತಿರುಗುತ್ತಿತ್ತು. ಅವನ ಕೈಗೆ ಅಧಿಕಾರ ಕೊಟ್ಟವರು ಯಾರು ಎಂಬುದೇ ಇರಲಿಲ್ಲ. ಎರಡು, ಕಾರಣಗಳೆಲ್ಲ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಂತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಾಲಕ್ರಮ ಇರಲಿಲ್ಲ. ಮೂರು, ಕಷ್ಟ ಬಂದ ಮೇಲೆ ಸರ್ವಾಧಿಕಾರ ಬರುವುದು ಮಳೆ ಬಂದ ಮೇಲೆ ಹಳ್ಳ ಹರಿಯುವಷ್ಟು ಸಹಜ ಎಂಬಂತೆ ಹೇಳಲಾಗಿತ್ತು. ನಡುವೆ ಯಾರಾದರೂ ತಡೆಯಬಹುದಿತ್ತೇ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಆದ್ದರಿಂದ ಹೊಸ ಯೋಜನೆಗೆ ಒಂದೇ ಮುಖ್ಯ ಪ್ರಶ್ನೆ ಇಟ್ಟುಕೊಂಡೆವು: ಪ್ರತಿ ಹಂತದಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟವರು ಯಾರು?

ಇಟಲಿ: ರಾಜ ಹಾಕದ ಒಂದು ಸಹಿ

ಮುಸೊಲಿನಿ 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ತನ್ನ ಸಂಘಟನೆಯನ್ನು ಕಟ್ಟಿದ. ‘ಫ್ಯಾಶಿಯೊ’ ಎಂದರೆ ಇಟಲಿಯ ಭಾಷೆಯಲ್ಲಿ ಕಟ್ಟು, ಕಂತೆ. ಕೊಡಲಿಯ ಸುತ್ತ ಬಿಗಿದ ಕಡ್ಡಿಗಳ ಕಟ್ಟು ಹಳೆಯ ರೋಮಿನಲ್ಲಿ ಅಧಿಕಾರದ ಗುರುತು. ಯುದ್ಧ ಗೆದ್ದ ಪಕ್ಷದಲ್ಲಿದ್ದರೂ ಇಟಲಿಗೆ ಬಯಸಿದ ಪ್ರದೇಶಗಳೆಲ್ಲ ಸಿಗಲಿಲ್ಲ. ಕಾರ್ಖಾನೆಗಳಲ್ಲಿ ಮುಷ್ಕರ, ಹಳ್ಳಿಗಳಲ್ಲಿ ಕೂಲಿಕಾರರ ಹೋರಾಟ ನಡೆದಿದ್ದವು. ಭೂಮಾಲೀಕರು ಮತ್ತು ಕಾರ್ಖಾನೆಗಳ ಒಡೆಯರು ಕಪ್ಪಂಗಿಯ ಪಡೆಗಳಿಗೆ ಹಣ ಕೊಟ್ಟರು. ಆ ಪಡೆಗಳು ಕಾರ್ಮಿಕ ಸಂಘಗಳ ಕಚೇರಿಗಳನ್ನು ಸುಟ್ಟವು, ಜನರನ್ನು ಹೊಡೆದವು. ಪೊಲೀಸರು ಹಲವೆಡೆ ನೋಡಿಯೂ ನೋಡದಂತಿದ್ದರು.

1921ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 535ರಲ್ಲಿ 35 ಸ್ಥಾನ. 1922ರ ಅಕ್ಟೋಬರ್ ಕೊನೆಯಲ್ಲಿ ಅವರು ‘ರೋಮ್ ಚಲೋ’ ಹೊರಟರು. ಪ್ರಧಾನಿ ಫಾಕ್ಟಾ ಸೇನಾಡಳಿತ ಜಾರಿಗೊಳಿಸುವ ಆದೇಶವನ್ನು ಸಿದ್ಧಪಡಿಸಿದರು. 28ರ ಬೆಳಿಗ್ಗೆ ರಾಜ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಮಿಲಾನಿನಲ್ಲಿ ಕಾಯುತ್ತಿದ್ದ ಮುಸೊಲಿನಿ ರಾತ್ರಿ ರೈಲು ಹತ್ತಿ ರೋಮಿಗೆ ಬಂದ, ರಾಜನ ಆಹ್ವಾನದ ಮೇರೆಗೆ ಪ್ರಧಾನಿಯಾದ. ನಮ್ಮ ಯೋಜನೆಯಲ್ಲಿ ಇದನ್ನು ‘ರೋಮನ್ನು ವಶಪಡಿಸಿಕೊಂಡ’ ಎಂದು ಬರೆದಿತ್ತು. ‘ರಾಜ ಕರೆದು ಕೊಟ್ಟ’ ಎಂಬುದು ಸತ್ಯಕ್ಕೆ ಹತ್ತಿರ.

ಅಲ್ಲಿಂದ ಸಂಪೂರ್ಣ ಸರ್ವಾಧಿಕಾರಕ್ಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು. 1923ರಲ್ಲಿ ಸಂಸತ್ತೇ ಒಂದು ಚುನಾವಣಾ ಕಾಯ್ದೆಗೆ ಒಪ್ಪಿತು: ಶೇ. 25ಕ್ಕೆ ಕಡಿಮೆಯಾಗದಂತೆ ಅತಿ ಹೆಚ್ಚು ಮತ ಪಡೆದ ಪಟ್ಟಿಗೆ ಮೂರನೇ ಎರಡು ಭಾಗದಷ್ಟು ಸ್ಥಾನಗಳು. 1924ರ ಮೇ 30ರಂದು ಸಮಾಜವಾದಿ ಸಂಸದ ಮತ್ತಿಯೊತ್ತಿ ಚುನಾವಣೆಯಲ್ಲಿ ನಡೆದ ಹಿಂಸೆಯನ್ನು ಸಂಸತ್ತಿನಲ್ಲಿ ಬಿಚ್ಚಿಟ್ಟರು. ಜೂನ್ 10ರಂದು ಅವರನ್ನು ಅಪಹರಿಸಿ ಕೊಂದರು. ದೇಶ ತಲ್ಲಣಿಸಿತು. ಆಗಲೂ ರಾಜ ಪ್ರಧಾನಿಯನ್ನು ತೆಗೆಯಲಿಲ್ಲ. 1926ರ ಕೊನೆಯಲ್ಲಿ ಉಳಿದ ಪಕ್ಷಗಳನ್ನೆಲ್ಲ ನಿಷೇಧಿಸಲಾಯಿತು.

ಜರ್ಮನಿ: ಎರಡು ಸಂಕಟಗಳ ನಡುವಿನ ಅಂತರ

ನಮ್ಮ ಪ್ರಶಿಕ್ಷಣಾರ್ಥಿಗಳ ಯೋಜನೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿದೆ. ‘ಹಣದುಬ್ಬರದಿಂದ ಬೇಸತ್ತ ಜನ ಹಿಟ್ಲರನನ್ನು ಆರಿಸಿದರು’ ಎಂದು ಬರೆಯುತ್ತಾರೆ. ತಳ್ಳುಗಾಡಿಯಲ್ಲಿ ನೋಟು ತುಂಬಿಕೊಂಡು ಹೋಗುವ ಚಿತ್ರ ಮಕ್ಕಳಿಗೆ ಇಷ್ಟವಾಗುತ್ತದೆ ನಿಜ. ಆದರೆ ಆ ಹಣದುಬ್ಬರ ತುದಿ ಮುಟ್ಟಿದ್ದು 1923ರ ನವೆಂಬರಿನಲ್ಲಿ. ಆಗ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಅದೇ ತಿಂಗಳು ಮ್ಯೂನಿಕ್ಕಿನಲ್ಲಿ ಹಿಟ್ಲರ್ ನಡೆಸಿದ ದಂಗೆ ಸೋತು ಅವನು ಜೈಲು ಸೇರಿದ. ಮುಂದಿನ ವರ್ಷಗಳಲ್ಲಿ ಹೊಸ ನಾಣ್ಯ ಬಂತು, ಬದುಕು ಒಂದಿಷ್ಟು ಸುಧಾರಿಸಿತು. ಮತಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಉಳಿದದ್ದು ತಾನೇ ತಿಳಿಯುತ್ತದೆ:

1928ರ ಮೇ: ಶೇ. 2.6, ಸ್ಥಾನಗಳು 12
1930ರ ಸೆಪ್ಟೆಂಬರ್: ಶೇ. 18.3, ಸ್ಥಾನಗಳು 107
1932ರ ಜುಲೈ: ಶೇ. 37.3, ಸ್ಥಾನಗಳು 230
1932ರ ನವೆಂಬರ್: ಶೇ. 33.1, ಸ್ಥಾನಗಳು 196

1928 ಮತ್ತು 1930ರ ನಡುವೆ ಏನಾಯಿತು ಎಂದು ಮಕ್ಕಳನ್ನೇ ಕೇಳಬೇಕು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಜರ್ಮನಿಗೆ ಸಾಲ ಕೊಟ್ಟಿದ್ದ ಅಮೆರಿಕದ ಬ್ಯಾಂಕುಗಳು ಹಣ ವಾಪಸು ಕೇಳಿದವು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳೇ ಸುಮಾರು 60 ಲಕ್ಷ. ಬೆಲೆ ಏರಿದ್ದು 1923ರ ಸಂಕಟ. ಬೆಲೆ ಬಿದ್ದು ಕೆಲಸ ಹೋದದ್ದು 1930ರ ನಂತರದ ಸಂಕಟ. ಸುಗ್ಗಿ ಮುಗಿದ ಮೇಲೆ ಊರು ಬಿಟ್ಟು ಗುಳೆ ಹೋಗುವ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಕೆಲಸವಿಲ್ಲದ ಅಪ್ಪನ ಮನೆ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತು. ಪೂರ್ವಜ್ಞಾನಕ್ಕೆ ಅದಕ್ಕಿಂತ ಹತ್ತಿರದ ಎಳೆ ಬೇಕಿಲ್ಲ.

ಪಟ್ಟಿಯ ಕೊನೆಯ ಸಾಲನ್ನೂ ಬಿಡಬಾರದು. 1932ರ ನವೆಂಬರಿನಲ್ಲಿ ನಾಜಿ ಪಕ್ಷದ ಮತಗಳು ಇಳಿದಿದ್ದವು. ಮುಕ್ತ ಚುನಾವಣೆಯೊಂದರಲ್ಲಿ ಅದಕ್ಕೆ ಬಹುಮತ ಸಿಗಲೇ ಇಲ್ಲ. ಹಾಗಿದ್ದರೆ ಅಧಿಕಾರಕ್ಕೆ ಬಂದದ್ದು ಹೇಗೆ? ವೈಮಾರ್ ಸಂವಿಧಾನದ 48ನೆಯ ವಿಧಿ ತುರ್ತು ಸಂದರ್ಭದಲ್ಲಿ ಸುಗ್ರೀವಾಜ್ಞೆಗಳ ಮೂಲಕ ಆಳುವ ಅವಕಾಶವನ್ನು ರಾಷ್ಟ್ರಾಧ್ಯಕ್ಷರಿಗೆ ಕೊಟ್ಟಿತ್ತು. 1930ರಿಂದಲೇ ಸರ್ಕಾರಗಳು ಸಂಸತ್ತನ್ನು ಬದಿಗಿಟ್ಟು ಹಾಗೆ ಆಳತೊಡಗಿದ್ದವು. 1932ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಗಳು ಐದು. ಸುಗ್ರೀವಾಜ್ಞೆಗಳು ಅರವತ್ತಕ್ಕೂ ಹೆಚ್ಚು. ಅಂದರೆ ಹಿಟ್ಲರ್ ಬರುವ ಮೊದಲೇ ಸಂಸತ್ತು ಕೆಲಸವಿಲ್ಲದೆ ಕುಳಿತಿತ್ತು. ಮಾಜಿ ಚಾನ್ಸಲರ್ ಪಾಪೆನ್ ಮತ್ತು ಅವರ ಜೊತೆಗಾರರು ‘ಇವನನ್ನು ಮುಂದಿಟ್ಟುಕೊಂಡು ನಾವು ಆಳೋಣ’ ಎಂದು ಲೆಕ್ಕ ಹಾಕಿದರು. 1933ರ ಜನವರಿ 30ರಂದು ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ ಆಗಿ ನೇಮಿಸಿದರು. ಆ ಸಂಪುಟದಲ್ಲಿ ಅವನನ್ನೂ ಸೇರಿಸಿ ನಾಜಿಗಳು ಮೂವರೇ.

ಹದಿನೆಂಟು ತಿಂಗಳು

ಪಾಠದ ನಡುಗಂಬ ಇದು. 1933ರ ಜನವರಿ 30ರಿಂದ 1934ರ ಆಗಸ್ಟ್ 2ರವರೆಗೆ ನಡೆದದ್ದನ್ನು ಒಂದೊಂದು ಚೀಟಿಯಲ್ಲಿ ಒಂದೊಂದು ಘಟನೆಯಂತೆ ಬರೆದೆವು.

ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 48ನೆಯ ವಿಧಿಯಡಿ ಹೊರಟ ಆಜ್ಞೆ ವಾಕ್, ಪತ್ರಿಕೆ, ಸಭೆ ಮತ್ತು ವೈಯಕ್ತಿಕ ಸ್ವಾತಂತ್ರ್ಯಗಳನ್ನು ಅಮಾನತಿನಲ್ಲಿಟ್ಟಿತು. ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಬಂಧಿಸಬಹುದಾಯಿತು. ಮಾರ್ಚ್ 5ರ ಚುನಾವಣೆಯಲ್ಲಿ, ವಿರೋಧಿಗಳನ್ನು ಜೈಲಿಗೆ ಹಾಕಿಯೂ, ನಾಜಿಗಳಿಗೆ ಸಿಕ್ಕಿದ್ದು ಶೇ. 43.9. ಮಾರ್ಚ್ 22ರಂದು ಡಾಕೌ ಶಿಬಿರಕ್ಕೆ ಮೊದಲ ಕೈದಿಗಳು ಬಂದರು. 23ರಂದು, ಖಾಕಿ ಅಂಗಿಯ ಪಡೆಗಳು ಸುತ್ತುವರಿದಿದ್ದ ಸಭಾಂಗಣದಲ್ಲಿ, ಸಂಸತ್ತು ಕಾಯ್ದೆ ಮಾಡುವ ತನ್ನ ಅಧಿಕಾರವನ್ನೇ ಸರ್ಕಾರಕ್ಕೆ ಒಪ್ಪಿಸುವ ಕಾಯ್ದೆಗೆ ಮತ ಹಾಕಿತು. ಪರ 444, ವಿರೋಧ 94. ವಿರೋಧಿಸಿದವರೆಲ್ಲ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವರು. ಅವರ ಪರವಾಗಿ ಆಟೊ ವೆಲ್ಸ್ ಮಾತನಾಡಿದರು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಟ್ಟಿರಲೇ ಇಲ್ಲ.

ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳನ್ನು ವಶಪಡಿಸಿಕೊಂಡರು. ಮೇ 10ರಂದು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಪುಸ್ತಕಗಳನ್ನು ಸುಟ್ಟರು. ಜುಲೈ 14ರಂದು ನಾಜಿ ಪಕ್ಷವೊಂದೇ ಕಾನೂನುಬದ್ಧ ಪಕ್ಷವಾಯಿತು. 1934ರ ಜೂನ್ 30ರಂದು ಹಿಟ್ಲರ್ ತನ್ನ ಪಡೆಯ ನಾಯಕರನ್ನೂ ಹಳೆಯ ವಿರೋಧಿಗಳನ್ನೂ ಕೊಲ್ಲಿಸಿದ; ಸಂಪುಟ ಆ ಕೊಲೆಗಳು ಕಾನೂನುಬದ್ಧವೆಂದು ಕಾಯ್ದೆ ಮಾಡಿತು. ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ತೀರಿಕೊಂಡರು. ಅಂದೇ ಸೈನಿಕರು ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಿದರು.

ಈ ಚೀಟಿಗಳಲ್ಲಿ ರಾಷ್ಟ್ರಾಧ್ಯಕ್ಷರಿದ್ದಾರೆ, ಸಂಸದರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ಸೇನಾಧಿಕಾರಿಗಳಿದ್ದಾರೆ. ಹಲವು ಹಂತಗಳಿಗೆ ಕಾನೂನಿನ ಮೊಹರೂ ಇದೆ.

ಶೇಂಗಾ ಬೆಲೆ ಬಿದ್ದಾಗ ನಮ್ಮಲ್ಲಿ ಏನಾಯಿತು?

‘ಬಡತನ ಬಂದರೆ ಸರ್ವಾಧಿಕಾರ ಬಂದೇ ಬರುತ್ತದೆ’ ಎಂಬ ಊಹೆಯನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. 1930ರಲ್ಲಿ ನಮ್ಮ ಈ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗಲೇ ತಾಲ್ಲೂಕುಗಳು. ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿ ಇನ್ನೂ ಆಗಿರಲಿಲ್ಲ. ಹತ್ತಿ ಮತ್ತು ಶೇಂಗಾ ರೈತನಿಗೆ ರೊಕ್ಕ ತರುವ ಬೆಳೆಗಳು. ಮದ್ರಾಸ್ ಪ್ರಾಂತ್ಯದ ಶೇಂಗಾ ಫ್ರಾನ್ಸ್, ಜರ್ಮನಿ ಮೊದಲಾದ ದೇಶಗಳ ಎಣ್ಣೆ ಗಿರಣಿಗಳಿಗೆ ಹಡಗಿನಲ್ಲಿ ಹೋಗುತ್ತಿತ್ತು. ಆ ಗಿರಣಿಗಳ ಬೇಡಿಕೆ ಕುಸಿದಾಗ ಇಲ್ಲಿಯ ಬೆಲೆಯೂ ಕುಸಿಯಿತು. ಕಂದಾಯ ಮತ್ತು ಸಾಲ ಮಾತ್ರ ಇಳಿಯಲಿಲ್ಲ. ಬರ್ಲಿನ್ನಿನ ಕಾರ್ಮಿಕನ ಕೆಲಸ ಕಳೆದ ಮಹಾಕುಸಿತವೇ ಕೊಟ್ಟೂರಿನ ರೈತನ ಚೀಲದ ಬೆಲೆಯನ್ನೂ ಇಳಿಸಿತು.

ಆ ಕಷ್ಟ ಇಲ್ಲಿ ಹರಿದ ದಿಕ್ಕು ಬೇರೆ. 1930ರಲ್ಲಿ ಕಾನೂನುಭಂಗ ಚಳವಳಿ ನಡೆದಿತ್ತು. 1937ರ ಪ್ರಾಂತೀಯ ಚುನಾವಣೆಯಲ್ಲಿ ಮತದಾನದ ಹಕ್ಕು ಕೆಲವರಿಗೆ ಮಾತ್ರವಿದ್ದರೂ ಜನ ಆಳುವವರನ್ನು ಬದಲಿಸಿದರು. ರಾಜಾಜಿ ಸರ್ಕಾರ ಬಂತು. 1938ರಲ್ಲಿ ಆ ಸರ್ಕಾರ ರೈತರ ಸಾಲದ ಹೊರೆ ಇಳಿಸುವ ಕಾಯ್ದೆ ತಂದಿತು. ಅಮೆರಿಕದಲ್ಲಿ ಕೋಟ್ಯಂತರ ಜನ ನಿರುದ್ಯೋಗಿಗಳಾಗಿದ್ದರು. ಜರ್ಮನಿಯ ಸಂಸತ್ತು ತನ್ನ ಅಧಿಕಾರ ಒಪ್ಪಿಸಿದ 1933ರ ಅದೇ ಮಾರ್ಚಿನಲ್ಲಿ ಅಲ್ಲಿ ರೂಸ್‌ವೆಲ್ಟ್ ಅಧಿಕಾರ ಸ್ವೀಕರಿಸಿದರು, ಚುನಾವಣೆಗಳು ನಿಲ್ಲಲಿಲ್ಲ. ಕಷ್ಟ ಒಂದೇ ಆದರೂ ಬೇರೆ ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಈ ಹೋಲಿಕೆ ಮಾಡಿದ ಮೇಲೆ ಕಾರಣಗಳ ಪಟ್ಟಿ ಬಾಯಿಪಾಠವಾಗಿ ಉಳಿಯುವುದಿಲ್ಲ. ಅದರ ಮೇಲೆ ವಾದಿಸಬಹುದು.

‘ಆದ್ರೂ ಒಳ್ಳೇದು ಮಾಡಿದ್ನಲ್ಲ ಸಾರ್?’

ಈ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ. ಗದರಿಸಿ ಕೂರಿಸಬಾರದು, ಲೆಕ್ಕ ಕೊಡಬೇಕು. ಹೆದ್ದಾರಿಗಳ ಯೋಜನೆ ಹಿಟ್ಲರನಿಗಿಂತ ಹಳೆಯದು. ಕಲೋನ್ ಮತ್ತು ಬಾನ್ ನಡುವಿನ ರಸ್ತೆ 1932ರ ಆಗಸ್ಟಿನಲ್ಲೇ ತೆರೆದಿತ್ತು. ನಿರುದ್ಯೋಗ ಇಳಿದದ್ದು ನಿಜ. ಆದರೆ ಅದರ ಹಿಂದೆ ಶಸ್ತ್ರ ತಯಾರಿಕೆ ಇತ್ತು, 1935ರಿಂದ ಕಡ್ಡಾಯ ಸೇನಾ ಸೇವೆ ಮತ್ತು ಕಡ್ಡಾಯ ಶ್ರಮಸೇವೆ ಇದ್ದವು. ಕೆಲಸದಿಂದ ತೆಗೆದ ಯಹೂದಿಗಳೂ ಮನೆಗೆ ಕಳಿಸಿದ ಹೆಂಗಸರೂ ನಿರುದ್ಯೋಗಿಗಳ ಲೆಕ್ಕಕ್ಕೆ ಬರಲಿಲ್ಲ. ಕೂಲಿ ಹೆಚ್ಚು ಕೇಳುವ ಸಂಘಗಳೇ ಇರಲಿಲ್ಲ. ಆ ಶಸ್ತ್ರಗಳೆಲ್ಲ ಯುದ್ಧಕ್ಕೆಂದೇ ತಯಾರಾದವು. ಕೊನೆಯಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆ, ರೋಮಾ ಜನರ ಮತ್ತು ಅಂಗವಿಕಲರ ಕೊಲೆ, ಜರ್ಮನಿಯ ನಗರಗಳೇ ಬೂದಿ. ‘ನೆಟ್ಟಗಾದವರು’ ಯಾರು ಎಂದು ಆಮೇಲೆ ಮಕ್ಕಳನ್ನು ಕೇಳಿ.

ಮೆಚ್ಚಿದ ಮಗುವನ್ನು ನಾಚಿಸಬೇಕಾಗಿಲ್ಲ. 1926ರಲ್ಲಿ ಇಟಲಿ ಸರ್ಕಾರದ ಅತಿಥಿಯಾಗಿ ಹೋದ ರವೀಂದ್ರನಾಥ ಟ್ಯಾಗೋರರು ಮೊದಲು ಮುಸೊಲಿನಿಯ ಬಗ್ಗೆ ಮೆಚ್ಚುಗೆಯ ಮಾತನಾಡಿದ್ದರು. ಆಮೇಲೆ ರೊಮೇನ್ ರೋಲಾ ಮತ್ತು ಇಟಲಿಯಿಂದ ಓಡಿಬಂದವರ ಮೂಲಕ ವಿಷಯ ತಿಳಿದು, ಅದೇ ವರ್ಷ ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. 1936ರ ಮಾರ್ಚಿನಲ್ಲಿ ರೋಮ್ ಮೂಲಕ ಬರುತ್ತಿದ್ದ ನೆಹರೂ, ಮುಸೊಲಿನಿಯ ಭೇಟಿಯ ಆಹ್ವಾನವನ್ನು ನಿರಾಕರಿಸಿದರು. ತಿಳಿದ ಮೇಲೆ ಅಭಿಪ್ರಾಯ ಬದಲಿಸುವುದು ದೊಡ್ಡವರೂ ಮಾಡಿದ ಕೆಲಸ ಎಂದು ಹೇಳಿದರೆ ಮಗುವಿಗೆ ಹಿಂದೆ ಸರಿಯಲು ದಾರಿ ಸಿಗುತ್ತದೆ.

‘ಅಷ್ಟೊಂದು ಜನ ಸೇರ್ತಿದ್ರಲ್ಲ’ ಎಂಬುದು ಇನ್ನೊಂದು ಮಾತು. ಹಡಗಲಿಯ ತರಗತಿಯೊಂದರಲ್ಲಿ ನಾನು ಮೈಲಾರದ ಜಾತ್ರೆಯನ್ನು ನೆನಪಿಸಿದೆ. ಅಲ್ಲಿಯೂ ಲಕ್ಷಾಂತರ ಜನ, ಅಲ್ಲಿಯೂ ಬಿಲ್ಲನೇರಿದ ಗೊರವಯ್ಯನ ಒಂದು ನುಡಿಗೆ ಎಲ್ಲರೂ ಮೌನ. ಆದರೆ ಕಾರ್ಣಿಕ ಮುಗಿದ ಕ್ಷಣದಿಂದ ಜನ ಅದರ ಅರ್ಥವನ್ನು ತಮ್ಮ ತಮ್ಮ ಬುದ್ಧಿಗೆ ತಕ್ಕಂತೆ ಬಿಡಿಸುತ್ತಾರೆ. ಒಬ್ಬ ಮಳೆ ಎನ್ನುತ್ತಾನೆ, ಇನ್ನೊಬ್ಬ ರಾಜಕೀಯ ಎನ್ನುತ್ತಾನೆ, ಚಹಾ ಅಂಗಡಿಯಲ್ಲಿ ವಾದವಾಗುತ್ತದೆ. ನಾಜಿಗಳು 1933ರಲ್ಲಿ ಅಗ್ಗದ ರೇಡಿಯೊ ಪೆಟ್ಟಿಗೆಯನ್ನು ಮನೆಮನೆಗೆ ತಲುಪಿಸಿದರು. ಅದರಲ್ಲಿ ಬಂದ ಮಾತಿಗೆ ಬೇರೆ ಅರ್ಥ ಹೇಳಿದವನು ಶಿಬಿರ ಸೇರಬಹುದಿತ್ತು. ಜನ ಸೇರಿದ್ದನ್ನಷ್ಟೇ ನೋಡದೆ, ಸೇರಿದ ಮೇಲೆ ಏನು ಮಾತನಾಡಬಹುದಿತ್ತು ಎಂಬುದನ್ನು ನೋಡಲು ಮಕ್ಕಳಿಗೆ ಹೇಳಿದೆ.

ಪಟ್ಟಿಯಲ್ಲಿ ಶಿಕ್ಷಕರೂ ಇದ್ದಾರೆ

ಈ ಭಾಗ ಪ್ರಶಿಕ್ಷಣಾರ್ಥಿಗಳಿಗಾಗಿ. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆದೇಶವಾಯಿತು. ಸುಮಾರು 1,200 ಮಂದಿಯಲ್ಲಿ ನಿರಾಕರಿಸಿದವರು 12ರಷ್ಟು. ಜರ್ಮನಿಯಲ್ಲಿ 1933ರ ಏಪ್ರಿಲ್ 7ರ ಕಾಯ್ದೆ ಯಹೂದಿ ಶಿಕ್ಷಕರನ್ನೂ ವಿರೋಧಿ ಶಿಕ್ಷಕರನ್ನೂ ಸರ್ಕಾರಿ ಕೆಲಸದಿಂದ ತೆಗೆಯಿತು. 1937ರ ಹೊತ್ತಿಗೆ ಶೇ. 97ರಷ್ಟು ಶಿಕ್ಷಕರು ನಾಜಿ ಶಿಕ್ಷಕರ ಸಂಘದ ಸದಸ್ಯರಾಗಿದ್ದರು. ಅಂಗವಿಕಲರನ್ನು ಸಾಕಲು ಸರ್ಕಾರಕ್ಕೆ ಎಷ್ಟು ಖರ್ಚು ಎಂಬ ಲೆಕ್ಕ ಗಣಿತದ ಪುಸ್ತಕಕ್ಕೆ ಬಂತು. ಅದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದವರು ನಮ್ಮಂತೆಯೇ ಪಾಠ ಯೋಜನೆ ಬರೆದು ಬಂದ ಶಿಕ್ಷಕರು. ಅವರಲ್ಲಿ ಬಹುಮಂದಿ ಕ್ರೂರಿಗಳೇನಲ್ಲ. ಕೆಲಸ ಉಳಿಸಿಕೊಳ್ಳಬೇಕಿತ್ತು, ಸುತ್ತೋಲೆ ಬಂದಿತ್ತು.

ಹಾಗೆಯೇ, ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಗದರಿಸಿ ಸರ್ವಾಧಿಕಾರದ ದೋಷಗಳನ್ನು ಬರೆಸಿದರೆ ಮಗು ಎರಡರಲ್ಲಿ ಯಾವುದನ್ನು ಕಲಿಯುತ್ತದೆ ಎಂಬುದನ್ನು ಯೋಚಿಸಬೇಕು.

ಎರಡನೆಯ ಪಾಠ

ತಿದ್ದಿದ ಯೋಜನೆಯನ್ನು ಮೊದಲು ಹರಪನಹಳ್ಳಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಪ್ರಯೋಗಿಸಿದಳು, ಎರಡು ಅವಧಿಗಳಲ್ಲಿ. ನಾಯಕರ ಚಿತ್ರಪಟಗಳನ್ನು ತೆಗೆದುಬಿಟ್ಟೆವು. ಚೀಟಿಗಳನ್ನು ಗುಂಪುಗಳಿಗೆ ಹಂಚಿ, ಕಾಲಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಕೆಳಗೆ ಎರಡು ಉತ್ತರ ಬರೆಯಲು ಹೇಳಿದೆವು: ಇಲ್ಲಿ ‘ಬೇಡ’ ಎನ್ನಬಹುದಾಗಿದ್ದವರು ಯಾರು? ಅವರೇಕೆ ಅನ್ನಲಿಲ್ಲ? ಒಂದು ಗುಂಪು ಹಿಂಡೆನ್‌ಬರ್ಗರನ್ನು ಗುರುತಿಸಿತು. ಇನ್ನೊಂದು, ‘ಫೆಬ್ರುವರಿ 28ಕ್ಕೆ ಪೇಪರ್‌ನವ್ರು ಸುಮ್ನಾದ ಮೇಲೆ ಮುಂದಿಂದು ಯಾರಿಗೂ ಗೊತ್ತಾಗಂಗಿಲ್ಲ’ ಎಂದು ಬರೆದಿತ್ತು. ಹುಡುಗಿಯೊಬ್ಬಳು, ‘ಆ 94 ಜನ ಆಮೇಲೆ ಏನಾದ್ರು ಮಿಸ್?’ ಎಂದು ಕೇಳಿದಳು. ಹಲವರು ಜೈಲು, ಶಿಬಿರ ಕಂಡರು, ಹಲವರು ದೇಶ ಬಿಟ್ಟರು. ವೆಲ್ಸ್ 1939ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು ಎಂದು ಪ್ರಶಿಕ್ಷಣಾರ್ಥಿ ಹೇಳಿದಳು. ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು.

ಎರಡನೆಯ ಅವಧಿಯ ಕೊನೆಯನ್ನು ಪೌರನೀತಿಗೆ ಜೋಡಿಸಿದೆವು. ನಮ್ಮ ಸಂವಿಧಾನದಲ್ಲೂ 352ನೆಯ ವಿಧಿಯ ತುರ್ತುಪರಿಸ್ಥಿತಿ ಇದೆ. ಆಗ ಮೂಲಭೂತ ಹಕ್ಕುಗಳನ್ನು ಅಮಾನತುಗೊಳಿಸುವ ಕಲ್ಪನೆ ವೈಮಾರ್ ಸಂವಿಧಾನದಿಂದ ಬಂದದ್ದು. 1975ರಿಂದ 1977ರವರೆಗಿನ ಅನುಭವದ ನಂತರ, 1978ರ 44ನೆಯ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣದ ಜಾಗದಲ್ಲಿ ‘ಸಶಸ್ತ್ರ ದಂಗೆ’ ಎಂದು ಬಿಗಿಗೊಳಿಸಿತು. 20 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತುಗೊಳಿಸಬಾರದೆಂದು ಮಾಡಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದು ಎಚ್ಚರಿಸಿದ್ದರು. ಯೂರೋಪಿನಲ್ಲಿ ಆದದ್ದು ಅವರ ಕಣ್ಣ ಮುಂದಿತ್ತು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಘಟಕಕ್ಕೆ ಒಂದೇ ಅವಧಿ ಸಾಲದು. ಕನಿಷ್ಠ ಎರಡು ಅವಧಿ ಇಟ್ಟುಕೊಳ್ಳಿ. ಸ್ಪೇನಿನ ಫ್ರಾಂಕೊ, ಪೋರ್ಚುಗಲ್ಲಿನ ಸಲಜಾರ್ ಮೊದಲಾದವರನ್ನು ನಕ್ಷೆಯ ಮೇಲೆ ತೋರಿಸಿ ಮುಂದೆ ಹೋಗಿ. ಜರ್ಮನಿಯ ಹದಿನೆಂಟು ತಿಂಗಳಿಗೆ ಸಮಯ ಕೊಡಿ.

2. ಹಿಟ್ಲರನ ಪಾತ್ರಾಭಿನಯ ಬೇಡ. ಸೆಲ್ಯೂಟ್, ಘೋಷಣೆ, ಮೀಸೆ ಇವು ತರಗತಿಯನ್ನು ನಗಿಸುತ್ತವೆ, ಆಟದ ಮೈದಾನದಲ್ಲೂ ಮುಂದುವರಿಯುತ್ತವೆ.

3. ಕಾರಣಗಳನ್ನು ಇಸವಿಯೊಂದಿಗೆ ಬರೆಯಿಸಿ. 1923, 1929, 1933 ಈ ಮೂರನ್ನು ಬೆರೆಸದಿದ್ದರೆ ಅರ್ಧ ಪಾಠ ಗೆದ್ದಂತೆ.

4. ಮೌಲ್ಯಮಾಪನದಲ್ಲಿ ‘ಹಿಟ್ಲರನ ಸಾಧನೆಗಳಾವುವು?’ ಎಂಬಂಥ ಪ್ರಶ್ನೆ ಬೇಡ. ‘1933ರ ಮಾರ್ಚ್ 23ರಂದು ಸಂಸತ್ತು ಏನನ್ನು ಬಿಟ್ಟುಕೊಟ್ಟಿತು?’ ಎಂದು ಕೇಳಿ.

5. ಇಂದಿನ ಯಾವುದೇ ಪಕ್ಷ, ನಾಯಕರ ಹೆಸರನ್ನು ನೀವಾಗಿ ತರಬೇಡಿ. ಹಂತಗಳನ್ನು ಗುರುತಿಸುವುದು ಬಂದರೆ ಮಕ್ಕಳು ಮುಂದೆ ತಾವೇ ನೋಡಿಕೊಳ್ಳುತ್ತಾರೆ.

6. ವೀಕ್ಷಕರಿಗೂ ಒಂದು ಮಾತು: ಕೊನೆಯ ಪ್ರಶ್ನೆಗೆ ಮಗು ಕೊಡುವ ಉತ್ತರವನ್ನು ಕೇಳುವವರೆಗೆ ನಮೂನೆಯಲ್ಲಿ ಗುರುತು ಹಾಕಬೇಡಿ.

ಬೋಧನಾಭ್ಯಾಸ ಮುಗಿಯುವ ಮೊದಲು ಕೂಡ್ಲಿಗಿ ತಾಲ್ಲೂಕಿನ ಆ ಶಾಲೆಗೆ ಮತ್ತೆ ಹೋದೆ. ಮುಖ್ಯ ಶಿಕ್ಷಕರು ಒಂದು ಹೆಚ್ಚುವರಿ ಅವಧಿ ಕೊಟ್ಟಿದ್ದರು. ಅದೇ ಪ್ರಶಿಕ್ಷಣಾರ್ಥಿ, ಅದೇ ತರಗತಿ, ಈ ಸಲ ಚೀಟಿಗಳೊಂದಿಗೆ. ಮೂರನೆಯ ಸಾಲಿನ ಹುಡುಗ ಕೊನೆಯವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದ: ‘ಆದ್ರೂ ಶಿಸ್ತು ಬೇಕಲ್ಲ ಸಾರ್?’ ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನತ್ತ ನೋಡಿ, ಅವನತ್ತ ತಿರುಗಿದ. ‘ಬೇಕು. ಆದ್ರೆ ಈಗ ನೀನು ಕೇಳಿದ್ಯಲ್ಲ, ಈ ಪ್ರಶ್ನೆ ಕೇಳಿದ್ದಕ್ಕೆ ನಿನ್ನ ಹೊರಗ ಹಾಕಿದ್ರೆ ಅದು ಶಿಸ್ತಾ?’ ಹುಡುಗ ಸ್ವಲ್ಪ ಹೊತ್ತು ನಿಂತೇ ಇದ್ದ. ‘ಅಲ್ಲ ಸಾರ್’ ಎಂದು ಕೂತ. ಅವನ ಮನಸ್ಸು ಪೂರ್ತಿ ಬದಲಾಯಿತೆಂದು ನಾನು ಹೇಳಲಾರೆ. ಈ ಸಲ ತರಗತಿ ನಗಲಿಲ್ಲ. ಪಕ್ಕದ ಬೆಂಚಿನವನು ಇನ್ನೊಂದು ಪ್ರಶ್ನೆಗೆ ಕೈ ಎತ್ತಿದ. ಗಂಟೆ ಹೊಡೆದ ಮೇಲೂ ಪ್ರಶಿಕ್ಷಣಾರ್ಥಿ ಅವನ ಮಾತನ್ನು ಕೇಳುತ್ತ ನಿಂತಿದ್ದ. ನಾನು ನಮೂನೆಯನ್ನು ಆಗ ಹೊರತೆಗೆದೆ.